ಸೊಲ್ಲಾಪುರದಿಂದ ಮಂಗಳೂರಿಗೆ: ಹಳೆಯ ಹದಿಮೂರನೆಯ ಹೆದ್ದಾರಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಜರುಗಿದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಶತಮಾನೋತ್ಸವದಂಥ ಪುಣ್ಯ ಸಂದರ್ಭದಲ್ಲಿ ಶಾಲೆಯನ್ನು ಕಟ್ಟಿದವರ, ಕಲಿಸಿದವರ ಸ್ಮರಣೆ ಮಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಮೊದಲು ಮಾತನಾಡಿದ ಹಿರಿಯರು ಚೆನ್ನಾಗಿ ನೆರವೇರಿಸಿದ್ದಾರೆ. ನಾನು ಶಾಲೆಯ ಮುಂದೆ ಹಾದುಹೋಗುವ ದಾರಿಯ ಕುರಿತು ಮಾತನಾಡಲು ಅಪ್ಪಣೆ ಬೇಡುತ್ತೇನೆ. ಹಲವು ವರ್ಷ ಭೂಗೋಳವನ್ನು ಬೋಧಿಸಿದವನಿಗೆ ಊರಿನ ಇತಿಹಾಸವನ್ನು ನಕಾಶೆಯ ಮೇಲೆ ಓದುವ ಅಭ್ಯಾಸ ಬಿಡುವುದಿಲ್ಲ.

ನಾವು ಚಿಕ್ಕವರಿದ್ದಾಗ ಇದನ್ನು ಬಿಜಾಪುರ ರಸ್ತೆ ಎನ್ನುತ್ತಿದ್ದೆವು. ಸರಕಾರಿ ಕಾಗದಪತ್ರಗಳಲ್ಲಿ ಇದು ರಾಷ್ಟ್ರೀಯ ಹೆದ್ದಾರಿ 13. ಸೊಲ್ಲಾಪುರದಲ್ಲಿ ಆರಂಭವಾಗಿ ವಿಜಯಪುರ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗಗಳ ಮೂಲಕ ಮಂಗಳೂರನ್ನು ಮುಟ್ಟುತ್ತಿದ್ದ, 691 ಕಿಲೋಮೀಟರ್ ಉದ್ದದ ಮಾರ್ಗ. ಅದರಲ್ಲಿ ಮಹಾರಾಷ್ಟ್ರದ ಪಾಲು 43 ಕಿಲೋಮೀಟರ್ ಮಾತ್ರ. ಉಳಿದ 648 ಕಿಲೋಮೀಟರ್ ಕರ್ನಾಟಕದ್ದು. ಆ 43 ಕಿಲೋಮೀಟರಿನೊಳಗೆ ನಾವಿದ್ದೇವೆ. ಇಂದು ಯಾವ ಅಧಿಕೃತ ಪಟ್ಟಿಯಲ್ಲಿಯೂ ಈ ದಾರಿಗೆ ಆ ಸಂಖ್ಯೆ ಇಲ್ಲ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಹದಿಮೂರನ್ನು ಹಿಂತೆಗೆದುಕೊಳ್ಳಲಾಯಿತು. ನಮ್ಮ ಶಾಲೆ ಹುಟ್ಟಿದಾಗ ಈ ದಾರಿಗೆ ಸಂಖ್ಯೆ ಇರಲಿಲ್ಲ. ಶಾಲೆಗೆ ಮೂವತ್ತು ದಾಟಿದ ಮೇಲೆ ಅದು ಬಂದಿತು. ಶಾಲೆಯ ಕಣ್ಣೆದುರಿಗೇ ಹೋಯಿತು. ಹೀಗೆ ಒಂದು ರಾಷ್ಟ್ರೀಯ ಹೆದ್ದಾರಿಯ ಹುಟ್ಟು, ಬೆಳವಣಿಗೆ, ಕೊನೆ ಮೂರನ್ನೂ ಕಂಡ ಸಂಸ್ಥೆ ನಮ್ಮದು.

ದಾರಿ ಸಂಖ್ಯೆಗಿಂತ ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಸೊಲ್ಲಾಪುರಕ್ಕೆ ಸೊನ್ನಲಿಗೆ ಎಂದು ಹೆಸರು. ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ಕಾಯಕವನ್ನೇ ಯೋಗವೆಂದು ಬಾಳಿದ ಸಿದ್ಧರಾಮೇಶ್ವರರು ಅಲ್ಲಿಯವರು. ಅದೇ ಕಾಲದ ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿ, ಅವರ ಐಕ್ಯಸ್ಥಳವಾದ ಕೂಡಲಸಂಗಮ ಎರಡೂ ಇದೇ ದಾರಿಯ ಆಸುಪಾಸಿನಲ್ಲಿವೆ. ಶರಣರು ನಡೆದ ಸೀಮೆ ಇದು.

ಹದಿನಾರನೆಯ ಶತಮಾನಕ್ಕೆ ಬಂದರೆ ಈ ದಾರಿ ದಂಡಿನ ದಾರಿ. ಸೊಲ್ಲಾಪುರದ ಕೋಟೆಗಾಗಿ ಬಿಜಾಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ಪದೇ ಪದೇ ಕದನವಾಗುತ್ತಿತ್ತು. ಕೊನೆಗೆ ಅಹಮದನಗರದ ರಾಜಕುಮಾರಿ ಚಾಂದ್ ಬೀಬಿ ಅಲಿ ಆದಿಲ್ ಶಹನನ್ನು ವರಿಸಿದಾಗ ಸೊಲ್ಲಾಪುರವು ವರದಕ್ಷಿಣೆಯಾಗಿ ಬಿಜಾಪುರಕ್ಕೆ ಸಂದಿತು. ಆ ನಂಟಸ್ತಿಕೆಯಿಂದ ಸುಲ್ತಾನರು ಒಂದಾದರು, 1565ರಲ್ಲಿ ಕೃಷ್ಣೆಯ ತೀರದ ರಕ್ಕಸಗಿ ತಂಗಡಗಿಯ ಯುದ್ಧವಾಯಿತು, ವಿಜಯನಗರ ಬಿದ್ದಿತು. ಬಿಜಾಪುರವನ್ನೂ ಹಂಪೆಯನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ದಾರಿ ಇದು. ಒಂದು ಕಾಲಕ್ಕೆ ವೈರಿಗಳಾಗಿದ್ದ ಎರಡು ರಾಜಧಾನಿಗಳ ನಡುವೆ ಇಂದು ಮುಂಜಾನೆಯ ಬಸ್ಸು ಹತ್ತಿದವನು ಮಧ್ಯಾಹ್ನದೊಳಗೆ ಹೋಗಿ ಇಳಿಯುತ್ತಾನೆ.

1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂದಿತು. ದಕ್ಷಿಣದ ಎರೆಭೂಮಿಯ ಹತ್ತಿಗೆ ಅದು ಹತ್ತಿರದ ರೈಲುನಿಲ್ದಾಣವಾಯಿತು. 1877ರಲ್ಲಿ ನೂಲುವ, ನೇಯುವ ಗಿರಣಿ ಹುಟ್ಟಿಕೊಂಡಿತು. ಜನ ಅದನ್ನು ಇಂದಿಗೂ ಜೂನಿ ಗಿರಣಿ ಎನ್ನುತ್ತಾರೆ. 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕೆ ವರ್ಗವಾದ ಮೇಲೆ ಈ ರಸ್ತೆಗೆ ಇನ್ನಷ್ಟು ಮಹತ್ವ ಬಂದಿತು. ಭೀಮೆಯ ಆಚೆಯಿಂದ ಕೂಲಿಗಾಗಿ, ಮಗ್ಗದ ಕೆಲಸಕ್ಕಾಗಿ ಬಂದ ಕನ್ನಡ ಕುಟುಂಬಗಳು ಈ ನೆಲದಲ್ಲಿ ಮೊದಲೇ ಇದ್ದ ಕನ್ನಡಿಗರ ಜೊತೆ ಸೇರಿಕೊಂಡವು. ನಮ್ಮ ಶಾಲೆಯ ಹಳೆಯ ಹಾಜರಿಪಟ್ಟಿಗಳಲ್ಲಿ ಒಕ್ಕಲಿಗರ ಮಕ್ಕಳೂ ನೇಕಾರರ ಮಕ್ಕಳೂ ಅಕ್ಕಪಕ್ಕ ಕಾಣಿಸಿಕೊಳ್ಳುವುದಕ್ಕೆ ಇದೇ ಹಿನ್ನೆಲೆ.

ಇನ್ನು ಸಂಖ್ಯೆಯ ಸಂಗತಿ. 1943ರ ಡಿಸೆಂಬರಿನಲ್ಲಿ ಪ್ರಾಂತಗಳ ಹಾಗೂ ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸಭೆ ಸೇರಿ ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿಯ ರಸ್ತೆ ಎಂದು ವರ್ಗೀಕರಿಸಿದರು. ನಾಗಪುರ ಯೋಜನೆಯೆಂದು ಪ್ರಸಿದ್ಧವಾದುದು ಇದೇ. 1947ರ ಏಪ್ರಿಲ್ 1ರಿಂದ ರಾಷ್ಟ್ರೀಯ ಹೆದ್ದಾರಿಗಳ ಖರ್ಚಿನ ಹೊಣೆಯನ್ನು ಕೇಂದ್ರ ಸರಕಾರ ವಹಿಸಿಕೊಂಡಿತು. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ 1957ರ ಏಪ್ರಿಲ್ 15ರಂದು ಜಾರಿಗೆ ಬಂದಾಗ ಅದರ ಅನುಸೂಚಿಯಲ್ಲಿ ಸೊಲ್ಲಾಪುರ–ಚಿತ್ರದುರ್ಗ ಮಾರ್ಗವು ಹದಿಮೂರನೆಯ ಹೆದ್ದಾರಿಯೆಂದು ಸೇರಿತು. ಚಿತ್ರದುರ್ಗದಿಂದ ಮುಂದೆ ರಾಜ್ಯದ ರಸ್ತೆಯಾಗಿದ್ದ ಭಾಗವನ್ನು ಅನಂತರ ಇದಕ್ಕೆ ಜೋಡಿಸಿ ಮಂಗಳೂರಿನವರೆಗೆ ವಿಸ್ತರಿಸಲಾಯಿತು.

ಇಲ್ಲಿ ಒಂದು ಸಂಗತಿಯನ್ನು ಮಕ್ಕಳು ವಿಶೇಷವಾಗಿ ಗಮನಿಸಬೇಕು. ನಾಗಪುರದ ಸಭೆ ನಡೆದಾಗ ಈ ಒಂದೇ ದಾರಿ ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿತ್ತು. ಸೊಲ್ಲಾಪುರದಿಂದ ಇಳಕಲ್ಲಿನವರೆಗೆ ಮುಂಬಯಿ ಪ್ರಾಂತ. ಇಳಕಲ್ ದಾಟಿ ಕುಷ್ಟಗಿಗೆ ಬಂದರೆ ನಿಜಾಮರ ಹೈದರಾಬಾದು. ಅಲ್ಲಿ ಕಚೇರಿಯ ಭಾಷೆ ಉರ್ದು, ಚಲಾವಣೆಯ ನಾಣ್ಯವೂ ಬೇರೆ, ಗಡಿಯಲ್ಲಿ ಸುಂಕದ ಕಟ್ಟೆ. ತುಂಗಭದ್ರೆ ದಾಟಿ ಹೊಸಪೇಟೆಗೆ ಕಾಲಿಟ್ಟರೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಕೂಡ್ಲಿಗಿಯನ್ನು ಹಿಂದೆ ಬಿಟ್ಟು ಚಿತ್ರದುರ್ಗ ಸೇರಿದರೆ ಮೈಸೂರು ಮಹಾರಾಜರ ಸಂಸ್ಥಾನ. ನಾಲ್ಕೂ ಕಡೆ ಮನೆಯೊಳಗಿನ ಮಾತು ಕನ್ನಡವೇ. ಆದರೆ ಅರ್ಜಿ ಬರೆಯುವ ಭಾಷೆ, ಓದುವ ಪಠ್ಯ, ತೆರುವ ಕಂದಾಯ ಎಲ್ಲವೂ ಬೇರೆ ಬೇರೆ. 1948ರಲ್ಲಿ ಹೈದರಾಬಾದು ಭಾರತ ಒಕ್ಕೂಟದಲ್ಲಿ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂದಿತು. 1956ರ ನವೆಂಬರ್ 1ರಂದು ಭೀಮೆಯ ದಕ್ಷಿಣದ ದಾರಿಯೆಲ್ಲ ಒಂದೇ ರಾಜ್ಯದ ಪಾಲಾಯಿತು. ನಮ್ಮ 43 ಕಿಲೋಮೀಟರ್ ಮಾತ್ರ ಈಚೆಯ ದಡದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಇದನ್ನು ದೂರಾಗಿ ಹೇಳುತ್ತಿಲ್ಲ. ಗಡಿ ಎಂಬುದು ಆಡಳಿತಕ್ಕೆ ಬೇಕು. ಅದು ಎಲ್ಲಿಯಾದರೂ ಒಂದೆಡೆ ಹಾದುಹೋಗಲೇಬೇಕು. ಮರಾಠಿಯ ನೆರೆಯಲ್ಲಿ ನಾವು ಬಾಳಿದ್ದೇವೆ, ಆ ಭಾಷೆಯಿಂದ ಪಡೆದಿದ್ದೇವೆ, ಆ ಜನರ ವಿಶ್ವಾಸದಲ್ಲಿ ಬೆಳೆದಿದ್ದೇವೆ. ಆಡಳಿತದ ಗಡಿಗಳು ಬದಲಾಗುತ್ತಿದ್ದಾಗಲೂ ಜನರ ಓಡಾಟ ನಿಲ್ಲದಂತೆ ನೋಡಿಕೊಂಡದ್ದು ಈ ದಾರಿ ಎಂಬುದಷ್ಟೇ ನನ್ನ ಮಾತು.

ಈಗ ನಕಾಶೆ ಬಿಡಿಸಿ ದಾರಿ ಹಿಡಿಯೋಣ. ಸೊಲ್ಲಾಪುರ ಬಿಟ್ಟ ಕೂಡಲೇ ಹತ್ತೂರು. ಹೆಸರು ಕೇಳಿದ ಯಾವ ಕನ್ನಡಿಗನಿಗೂ ಅದು ಪರಸ್ಥಳವೆನಿಸದು. ವಡಕಬಾಳದಲ್ಲಿ ಸೀನಾ ನದಿ, ತಾಕಳಿಯ ಬಳಿ ಭೀಮೆ. ಸೇತುವೆಯ ಆಚೆ ಧೂಳಖೇಡ, ಅಲ್ಲಿಂದ ಕರ್ನಾಟಕ. ಝಳಕಿ, ಹೊರ್ತಿ, ತಿಡಗುಂದಿಗಳನ್ನು ದಾಟುತ್ತ ಬಿಳಿಜೋಳದ ಹೊಲಗಳನ್ನೂ ಇಂಡಿ ಸೀಮೆಯ ನಿಂಬೆಯ ತೋಟಗಳನ್ನೂ ನೋಡುತ್ತ ವಿಜಯಪುರಕ್ಕೆ ಬರುತ್ತೇವೆ. ಸೊಲ್ಲಾಪುರದಿಂದ ಸುಮಾರು ನೂರು ಕಿಲೋಮೀಟರ್. ಈವರೆಗೆ ಕಾಲಕೆಳಗಿನ ನೆಲ ಕಪ್ಪು, ಬಂಡೆಯೂ ಕಪ್ಪು. ಗೋಳಗುಮ್ಮಟವನ್ನು ಕಟ್ಟಿದ್ದೂ ಅದೇ ಕಪ್ಪು ಕಲ್ಲಿನಿಂದ. ವಿಜಯಪುರದ ದಕ್ಷಿಣಕ್ಕೆ ಡೋಣಿ ನದಿ ದಾಟಬೇಕು. ಜತ್ತ ಸೀಮೆಯಲ್ಲಿ ಹುಟ್ಟಿ ಬರುವ ಈ ಹೊಳೆ ತನ್ನ ದಡದ ಎರೆಮಣ್ಣಿನ ಜೋಳದ ಬೆಳೆಗೆ ಹೆಸರಾದುದು. ಮನಗೂಳಿ, ನಿಡಗುಂದಿಗಳ ಮುಂದೆ ಕೃಷ್ಣೆ. ಪಕ್ಕದಲ್ಲಿಯೇ ಆಲಮಟ್ಟಿಯ ಜಲಾಶಯ. ಮುಂದೆ ಕೂಡಲಸಂಗಮದ ಕವಲು, ಹುನಗುಂದ, ಬಳಿಕ ಇಳಕಲ್.

ಇಳಕಲ್ಲಿಗೆ ಬಂದಾಗ ಕಲ್ಲಿನ ಬಣ್ಣ ಕೆಂಪಾಗುತ್ತದೆ. ಇಲ್ಲಿನ ಕಣಶಿಲೆ ದೇಶದ ಹೊರಗೂ ಹೋಗುತ್ತದೆ. ಆದರೆ ನಮ್ಮ ತಾಯಂದಿರಿಗೆ ಇಳಕಲ್ ಎಂದರೆ ಸೀರೆ. ಒಡಲನ್ನು ಬೇರೆ ನೇಯ್ದು, ಸೆರಗನ್ನು ಬೇರೆ ನೇಯ್ದು, ಎರಡರ ಹಾಸುನೂಲುಗಳನ್ನು ಕೊಂಡಿ ಹಾಕಿ ಬೆಸೆಯುವ ವಿದ್ಯೆ ಅಲ್ಲಿನ ನೇಕಾರರದು. ಟೋಪ್ ತೆನೆಯ ಸೆರಗಿನ ಆ ಸೀರೆಯನ್ನು ಭೀಮೆಯ ಈಚೆಗೂ ಆಚೆಗೂ ಮರಾಠಿ ತಾಯಂದಿರೂ ಕನ್ನಡ ತಾಯಂದಿರೂ ಸಮನಾಗಿ ಉಟ್ಟಿದ್ದಾರೆ.

ಕುಷ್ಟಗಿಯನ್ನು ದಾಟಿ ಮುನಿರಾಬಾದಿಗೆ ಬಂದರೆ ತುಂಗಭದ್ರೆಯ ಅಣೆಕಟ್ಟು. 1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು ಎರಡು ದಡಗಳಲ್ಲಿ ಕೆಲಸ ಆರಂಭಿಸಿದವು, 1953ರಲ್ಲಿ ಮುಗಿಯಿತು. ಹೊಸಪೇಟೆಯಿಂದ ಹಂಪೆ ಅನತಿ ದೂರ. ಮುಂದೆ ಕೆಮ್ಮಣ್ಣಿನ ಅದಿರುಬೆಟ್ಟಗಳು, ಕೂಡ್ಲಿಗಿಯ ಒಣನಾಡು, ಚಿತ್ರದುರ್ಗದ ಏಳುಸುತ್ತಿನ ಕೋಟೆ. ಅಲ್ಲಿಂದ ದಾರಿ ಪಶ್ಚಿಮಕ್ಕೆ ತಿರುಗುತ್ತದೆ. ಹೊಳಲ್ಕೆರೆ, ಚನ್ನಗಿರಿ ದಾಟಿದಂತೆ ಅಡಿಕೆ ತೋಟಗಳು ಕಾಣತೊಡಗುತ್ತವೆ. ಭದ್ರೆಯನ್ನು ದಾಟಿ ಶಿವಮೊಗ್ಗ. ತುಂಗೆಯ ಜೊತೆಜೊತೆಗೆ ತೀರ್ಥಹಳ್ಳಿ, ಶೃಂಗೇರಿ. ಶೃಂಗೇರಿಯಿಂದ ಮುಂದೆ ಕುದುರೆಮುಖದ ದಟ್ಟಡವಿ, ಘಟ್ಟದ ಇಳಿಜಾರು. ಇಳಿದರೆ 1432ರಲ್ಲಿ ನಿಂತ ಬಾಹುಬಲಿಯ ಕಾರ್ಕಳ, ಸಾವಿರಕಂಬದ ಬಸದಿಯ ಮೂಡುಬಿದಿರೆ, ಕೊನೆಗೆ ಮಂಗಳೂರು, ಸಮುದ್ರ.

ಜೋಳದ ರೊಟ್ಟಿಯಿಂದ ಹೊರಟು ಕುಚ್ಚಲಕ್ಕಿಯ ಅನ್ನಕ್ಕೆ ಮುಟ್ಟುವ ಪಯಣ ಇದು. ಒಂದು ತುದಿಯಲ್ಲಿ ಮರಾಠಿಯ ಜೊತೆ ಬಾಳುವ ಕನ್ನಡ, ಇನ್ನೊಂದು ತುದಿಯಲ್ಲಿ ತುಳು, ಕೊಂಕಣಿ, ಬ್ಯಾರಿಗಳ ಜೊತೆ ಬಾಳುವ ಕನ್ನಡ. ಎರಡೂ ತುದಿಗಳಲ್ಲಿ ಕನ್ನಡವು ಬೇರೆ ಭಾಷೆಗಳ ನೆರೆಯಲ್ಲಿಯೇ ಜೀವಿಸುತ್ತದೆ ಎಂಬುದನ್ನು ಗಮನಿಸಿ. ಭಾಷೆಯೊಂದು ನಡುನಾಡಿನಲ್ಲಿ ಮಾತ್ರ ಶುದ್ಧವಾಗಿರುತ್ತದೆ, ಅಂಚಿನಲ್ಲಿ ಕೆಡುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಈ ದಾರಿಯುದ್ದಕ್ಕೂ ಒಮ್ಮೆ ಕಿವಿಗೊಟ್ಟು ಹೋದವರು ಹಾಗೆ ಹೇಳಲಾರರು.

ಇಂಥ ದಾರಿಯ ಸಂಖ್ಯೆಯನ್ನು ಏಕೆ ತೆಗೆದರು? ಕಾರಣ ಸರಳವಾದುದು. ಹಳೆಯ ಸಂಖ್ಯೆಗಳು ಬೇರೆ ಬೇರೆ ಕಾಲದಲ್ಲಿ ಸೇರಿಕೊಂಡವು. ಸಂಖ್ಯೆ ನೋಡಿ ರಸ್ತೆ ದೇಶದ ಯಾವ ಭಾಗದಲ್ಲಿದೆ, ಯಾವ ದಿಕ್ಕಿಗೆ ಸಾಗುತ್ತದೆ ಎಂದು ಹೇಳುವಂತಿರಲಿಲ್ಲ. ಆದುದರಿಂದ 2010ರಲ್ಲಿ ಹೊಸ ಪದ್ಧತಿ ಬಂದಿತು. ಉತ್ತರ–ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆ. ಅವು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತವೆ. ಪೂರ್ವ–ಪಶ್ಚಿಮವಾಗಿ ಸಾಗುವವುಗಳಿಗೆ ಬೆಸಸಂಖ್ಯೆ. ಅವು ಉತ್ತರದಿಂದ ದಕ್ಷಿಣಕ್ಕೆ ಏರುತ್ತವೆ. ಮುಖ್ಯ ಹೆದ್ದಾರಿಯ ಕವಲುಗಳಿಗೆ ಮೂರು ಅಂಕಿ. ಕೊನೆಯ ಎರಡು ಅಂಕಿ ತಾಯಿಬೇರಿನದು.

ಈ ಲೆಕ್ಕದಲ್ಲಿ ಹದಿಮೂರು ತುಂಡುತುಂಡಾಯಿತು. ಸೊಲ್ಲಾಪುರ–ವಿಜಯಪುರದ ಭಾಗ 52ನೆಯ ಹೆದ್ದಾರಿಯೊಳಗೆ ಸೇರಿತು. ಪಂಜಾಬಿನ ಸಂಗ್ರೂರಿನಿಂದ ಹೊರಟು ಜೈಪುರ, ಇಂದೂರು, ಧುಳೆ, ಬೀಡಗಳ ಮೂಲಕ ಸೊಲ್ಲಾಪುರಕ್ಕೆ ಬಂದು, ವಿಜಯಪುರ, ಹುಬ್ಬಳ್ಳಿಗಳನ್ನು ಹಾಯ್ದು ಅಂಕೋಲೆಯಲ್ಲಿ ಮುಗಿಯುವ, ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಮಾರ್ಗ ಅದು. ವಿಜಯಪುರದಿಂದ ಚಿತ್ರದುರ್ಗದವರೆಗಿನ ಭಾಗ ನಾಂದೇಡದಿಂದ ಬರುವ 50ರ ಪಾಲಾಯಿತು. ಚಿತ್ರದುರ್ಗ–ಶಿವಮೊಗ್ಗ ಈಗ 369, ಶಿವಮೊಗ್ಗ–ಮಂಗಳೂರು 169. ಹದಿಮೂರು ಎಂಬ ಅಂಕಿ ಎಲ್ಲಿ ಹೋಯಿತೆಂದು ಮಕ್ಕಳು ಕೇಳಬಹುದು. ಅದು ಈಗ ಅರುಣಾಚಲ ಪ್ರದೇಶದಲ್ಲಿದೆ. ತವಾಂಗದಿಂದ ಹೊರಡುವ ಹಿಮಾಲಯದ ದಾರಿಗೆ ಆ ಸಂಖ್ಯೆ ದೊರೆತಿದೆ.

ಹೊಸ ಪದ್ಧತಿ ತರ್ಕಬದ್ಧವಾದುದು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅದರಿಂದ ಒಂದು ಸಂಗತಿ ಮರೆಯಾಯಿತು. ಮೊದಲು ನಕಾಶೆಯಲ್ಲಿ ಸೊಲ್ಲಾಪುರ ಈ ದಾರಿಯ ಮೊದಲ ಊರು, ಶೂನ್ಯ ಕಿಲೋಮೀಟರಿನ ಊರು. ಮಂಗಳೂರಿನ ಕಡಲಿಗೆ ಕನ್ನಡ ನಾಡನ್ನು ಹಾಯ್ದುಹೋಗುವ ದಾರಿ ಇಲ್ಲಿಂದಲೇ ಆರಂಭವಾಗುತ್ತಿತ್ತು. ಈಗ ನಾವು ಉದ್ದನೆಯ ದಾರಿಯ ನಡುವಿನ ಒಂದು ನಿಲುಗಡೆ. ಒಂದೇ ಕಥೆಯಾಗಿ ಓದಬಹುದಾಗಿದ್ದ ದಾರಿಯನ್ನು ಇನ್ನು ಮುಂದೆ ನಾವೇ ನಾಲ್ಕು ಸಂಖ್ಯೆಗಳನ್ನು ಜೋಡಿಸಿ ಓದಿಕೊಳ್ಳಬೇಕು.

ಸಂಖ್ಯೆಯ ಬೆನ್ನಿಗೇ ರೂಪವೂ ಬದಲಾಯಿತು. ವಿಜಯಪುರ–ಸೊಲ್ಲಾಪುರ ಮಾರ್ಗ ಚತುಷ್ಪಥವಾಯಿತು. ಆ ಕಾಮಗಾರಿಯಲ್ಲಿ 2021ರ ಫೆಬ್ರವರಿಯಲ್ಲಿ 18 ಗಂಟೆಗಳೊಳಗೆ 25.54 ಕಿಲೋಮೀಟರ್ ಉದ್ದದ ಒಂದು ಪಥಕ್ಕೆ ಡಾಂಬರು ಹಾಸಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಆಸ್ಪತ್ರೆಗೆ ಧಾವಿಸುವ ರೋಗಿಗೆ, ದ್ರಾಕ್ಷಿ ದಾಳಿಂಬೆ ಸಾಗಿಸುವ ರೈತನಿಗೆ ಹೊಸ ರಸ್ತೆ ವರದಾನ. ಅದೇ ಹೊತ್ತಿಗೆ, ಹೊಸ ಮಾರ್ಗ ಊರ ಹೊರಗೆ ಹಾದುಹೋದಲ್ಲಿ ಊರೊಳಗಿನ ಹಳೆಯ ತುಂಡುಗಳು ಹೆದ್ದಾರಿಯ ಪಟ್ಟಿಯಿಂದ ಹೊರಬೀಳುತ್ತವೆ. ಅವುಗಳ ಹೊಣೆ ರಾಜ್ಯಕ್ಕೋ ಸ್ಥಳೀಯ ಸಂಸ್ಥೆಗೋ ಬರುತ್ತದೆ. ದೊಡ್ಡ ಬಸ್ಸುಗಳು ಅಲ್ಲಿ ಬರುವುದಿಲ್ಲ. ಚಹದ ಅಂಗಡಿಗೆ ಗಿರಾಕಿ ಕಡಿಮೆ. ಇಬ್ಬದಿಯ ಬೇವು, ಆಲ, ಹುಣಸೆ ಉಳಿದಿದ್ದರೆ ಅಂಥ ತುಂಡುಗಳಲ್ಲಿಯೇ. ನಿಜವಾದ ಅರ್ಥದಲ್ಲಿ ನಿವೃತ್ತವಾದ ಹೆದ್ದಾರಿ ಎಂದರೆ ಇದೇ. ಆದರೂ ಅದು ಸತ್ತಿಲ್ಲ. ಮುಂಜಾನೆ ಮಕ್ಕಳು ಶಾಲೆಗೆ ನಡೆದು ಬರುವುದು ಅದರ ಮೇಲೆಯೇ.

ಪಾಲಕ ಬಂಧುಗಳೇ, ಇಲ್ಲಿಗೆ ದಾರಿಯ ಮಾತು ಶಾಲೆಯ ಮಾತಾಗುತ್ತದೆ. ನಮ್ಮ ಶಾಲೆ ಎರಡು ದಾರಿಗಳ ಕೂಡಲದಲ್ಲಿದೆ. ಪಠ್ಯಪುಸ್ತಕ ನಮಗೆ ಪುಣೆಯಿಂದ ಬರುತ್ತದೆ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಮರಾಠಿ, ಉರ್ದು, ಗುಜರಾತಿಗಳಂತೆ ಕನ್ನಡದಲ್ಲಿಯೂ ಪಠ್ಯಗಳನ್ನು ಅಚ್ಚು ಹಾಕಿಸುತ್ತದೆ. ಪಠ್ಯದಾಚೆಗಿನ ಕನ್ನಡ, ಅಂದರೆ ಕತೆ, ಕಾದಂಬರಿ, ನಾಟಕ, ವಚನ, ವಿಜಯಪುರದ ದಾರಿಯಿಂದ ಬರುತ್ತದೆ. ಆ ದಾರಿ ಏಕಮುಖವಾದುದಲ್ಲ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ನೆರೆದಾಗ ಕನ್ನಡ ನಾಡು ಇಲ್ಲಿಗೆ ಬಂದಿತು. ಸೊಲ್ಲಾಪುರದ ಮಗಳು ಜಯದೇವಿತಾಯಿ ಲಿಗಾಡೆಯವರು 1974ರ ಮಂಡ್ಯದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾಗಿ ಹೋದಾಗ ಇಲ್ಲಿಯ ಕನ್ನಡ ಅಲ್ಲಿಗೆ ಹೋಯಿತು. ನಮ್ಮ ಊರು ಪಡೆಯುವ ಊರು ಮಾತ್ರವಲ್ಲ, ಕೊಟ್ಟ ಊರೂ ಹೌದು.

ಒಂದು ಕಟುಸತ್ಯವನ್ನು ಈ ಸಂತೋಷದ ವೇಳೆಯಲ್ಲಿಯೂ ಹೇಳಬೇಕಾಗಿದೆ. ಸಂಖ್ಯೆ ಹೋದರೂ ದಾರಿ ಉಳಿಯಿತು ಎಂದು ಸಮಾಧಾನಪಟ್ಟಂತೆ ಶಾಲೆಯ ವಿಷಯದಲ್ಲಿ ಸಮಾಧಾನಪಡುವಂತಿಲ್ಲ. ದಾರಿಗೆ ಕಾಗದದ ಸಂಖ್ಯೆ ಸಾಕು, ಅದು ಬದಲಾದರೂ ನಷ್ಟವಿಲ್ಲ. ಶಾಲೆಗೆ ಬೇಕಾದ ಸಂಖ್ಯೆ ಹಾಜರಿಪಟ್ಟಿಯದು. ಪಟ್ಟಿಯಲ್ಲಿ ಮಕ್ಕಳು ಇಳಿದರೆ ಶಿಕ್ಷಕರ ಹುದ್ದೆ ಇಳಿಯುತ್ತದೆ; ಹುದ್ದೆ ಇಳಿದರೆ ಎರಡು ತರಗತಿ ಒಂದಾಗುತ್ತವೆ; ಅದನ್ನು ಕಂಡ ಪಾಲಕರು ಮತ್ತೊಂದಿಷ್ಟು ಮಕ್ಕಳನ್ನು ಬೇರೆಡೆಗೆ ಸೇರಿಸುತ್ತಾರೆ. ಬಳಸು ದಾರಿ ಬಂದ ಮೇಲೆ ಹಳೆಯ ಊರುಗಳ ಅಂಗಡಿಗಳು ಒಂದೊಂದಾಗಿ ಮುಚ್ಚಿದ ರೀತಿಯೂ ಇದೇ. ಒಂದು ದಿನದಲ್ಲಿ ಯಾರೂ ಮುಚ್ಚಿಸಲಿಲ್ಲ. ಪ್ರತಿಯೊಬ್ಬನೂ ತನ್ನ ಅನುಕೂಲ ನೋಡಿಕೊಂಡು ಹೊರಗಿನ ದಾರಿ ಹಿಡಿದ, ಅಷ್ಟೇ.

ಮಕ್ಕಳ ಭವಿಷ್ಯದ ಚಿಂತೆಯಿಂದ ಪಾಲಕರು ಇಂಗ್ಲಿಷ್ ಶಾಲೆಯತ್ತ ನೋಡುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಇಂಗ್ಲಿಷ್ ಬೇಕು, ಈ ರಾಜ್ಯದಲ್ಲಿ ಬಾಳುವವರಿಗೆ ಮರಾಠಿಯಂತೂ ಬೇಕೇ ಬೇಕು. ನಮ್ಮ ಶಾಲೆ ಎರಡನ್ನೂ ಕಲಿಸುತ್ತಲೇ ಬಂದಿದೆ. ಕನ್ನಡದಲ್ಲಿ ಗಣಿತ ಕಲಿತ ಹುಡುಗ ಭೀಮೆಯ ಎರಡೂ ದಡಗಳಲ್ಲಿ ಕೆಲಸ ಮಾಡಬಲ್ಲ. ಮೂರು ಭಾಷೆಗಳಲ್ಲಿ ಪತ್ರ ಬರೆಯಬಲ್ಲ. ಈ ಸಭೆಯಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳೇ ಅದಕ್ಕೆ ಸಾಕ್ಷಿ. ಗಡಿಯೂರಿನ ಕನ್ನಡ ಶಾಲೆ ಮಗುವಿನ ದಾರಿಯನ್ನು ಕಿರಿದಾಗಿಸುತ್ತದೆ ಎಂಬುದು ನಮ್ಮ ನೂರು ವರ್ಷಗಳ ಅನುಭವಕ್ಕೆ ವಿರುದ್ಧವಾದ ಮಾತು.

ಕೊನೆಯದಾಗಿ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಹಳೆಯ ಹದಿಮೂರರ ಕುರುಹುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ರಾಷ್ಟ್ರೀಯ ಹೆದ್ದಾರಿಯ ಮೈಲಿಗಲ್ಲಿನ ತಲೆಗೆ ಹಳದಿ ಬಣ್ಣ, ರಾಜ್ಯ ಹೆದ್ದಾರಿಗೆ ಹಸಿರು ಎಂದು ಪುಸ್ತಕದಲ್ಲಿ ಓದಿಸುವುದರ ಜೊತೆಗೆ ಮಕ್ಕಳನ್ನು ಆ ಕಲ್ಲಿನ ಬಳಿಗೆ ಕರೆದೊಯ್ಯಿರಿ. ಹಳೆಯ ಸೇತುವೆಗಳ ಮೇಲೆ ಕೆತ್ತಿದ ವರ್ಷ, ದಾರಿಬದಿಯ ಬಾವಿ, ಅರವಟ್ಟಿಗೆ, ತಂಗುದಾಣ, ಹೊಲಗಳ ಹೆಸರು, ಊರುಗಳ ಕನ್ನಡ ಮತ್ತು ಮರಾಠಿ ರೂಪಗಳು, ಇವನ್ನೆಲ್ಲ ಒಂದು ದಪ್ಪ ವಹಿಯಲ್ಲಿ ಬರೆಸಿರಿ. ಭೀಮೆಗೆ ಮಹಾಪೂರ ಬಂದಾಗ ದಾರಿ ಎಷ್ಟು ದಿನ ನಿಂತಿತ್ತು, ಬರಗಾಲದಲ್ಲಿ ಜನ ಯಾವ ಕಡೆಗೆ ನಡೆದರು, ಬಂಡಿ ಹೋಗಿ ಬಸ್ಸು ಯಾವಾಗ ಬಂದಿತು ಎಂದು ಅಜ್ಜ ಅಜ್ಜಿಯರನ್ನು ಕೇಳಿಸಿರಿ. ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು. ವರ್ಷಕ್ಕೆ ಒಂದು ತರಗತಿ ಹತ್ತು ಪುಟ ಬರೆದರೂ ಹತ್ತು ವರ್ಷಗಳಲ್ಲಿ ಈ ಸೀಮೆಯ ಚರಿತ್ರೆ ಮಕ್ಕಳ ಕೈಬರಹದಲ್ಲಿ ಸಿದ್ಧವಾಗುತ್ತದೆ. ವಹಿಗೆ ಬೇಕಾದ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ವಹಿಸಿಕೊಳ್ಳೋಣ. ಓದುವ ಮಕ್ಕಳನ್ನು ಪಾಲಕರು ಕಳುಹಿಸಿಕೊಡಲಿ.

ನೂರು ವರ್ಷಗಳ ಹಿಂದೆ ಮಾಳಿಗೆಯ ಮನೆಯ ಜಗಲಿಯಲ್ಲಿಯೋ ಗುಡಿಯ ಪಡಸಾಲೆಯಲ್ಲಿಯೋ ಮಕ್ಕಳನ್ನು ಕೂಡಿಸಿ ಶಾಲೆ ಆರಂಭಿಸುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಈ ಊರಿಗೂ ಒಂದು ಕನ್ನಡ ಶಾಲೆ ಬೇಕೆಂದು ಮನಸ್ಸು ಮಾಡಿದರು. ಅವರಿಗೆ ರಾಜ್ಯದ ಗಡಿ ಎಲ್ಲಿ ಬರುವುದೆಂದು ತಿಳಿದಿರಲಿಲ್ಲ, ರಸ್ತೆಗೆ ಯಾವ ಸಂಖ್ಯೆ ಬರುವುದೆಂದೂ ತಿಳಿದಿರಲಿಲ್ಲ. ಮಕ್ಕಳು ಬರುವರೆಂಬ ಭರವಸೆ ಮಾತ್ರ ಇತ್ತು. ಬರುವ ಜೂನಿನಲ್ಲಿ ಒಂದನೆಯ ತರಗತಿಯ ಹಾಜರಿಪಟ್ಟಿ ತೆರೆದಾಗ ಆ ಭರವಸೆಯನ್ನು ಉಳಿಸಿಕೊಡುವ ಭಾಗ್ಯ ನಿಮ್ಮದಾಗಲಿ.